ಹೊಂಡದ ಒಪ್ಪತ್ತು

ಹೊಂಡಕ್ಕೆ ಹಸಿವಾದರೆ ಅದು ಮೊದಲು ಹುಲಿಗೆಮ್ಮನ ಹೊಟ್ಟೆಗೆ ತಿಳಿಯುತ್ತಿತ್ತು. ಬೆಳಗಿನ ಬಿಸಿಲು ನೀರಿನೊಳಗೆ ಮೊಣಕಾಲುದ್ದ ಇಳಿಯುವ ಹೊತ್ತಿಗೆ ಹೊಕ್ಕುಳಿನ ಸುತ್ತ ಯಾರೋ ಒಳಗಿನಿಂದ ನೂಲಿನ ಎಳೆಯೊಂದನ್ನು ಮೆಲ್ಲಗೆ ಎಳೆದಂತಾಗುತ್ತಿತ್ತು. ನೋವಲ್ಲ ಅದು. ದೂರದಲ್ಲಿ ಯಾರೋ ಹೆಸರು ಹಿಡಿದು ಕರೆದು, ಆ ದನಿ ಗಾಳಿಯಲ್ಲಿ ಅರ್ಧ ದಾರಿ ಬಂದು ನಿಂತುಬಿಟ್ಟ ಹಾಗೆ. ಆಗ ಅವಳು ದಾಣಿಯ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಒಡ್ಡಿನ ಮೇಲೆ ಹೊರಡುತ್ತಿದ್ದಳು. ತೌಡು, ಶೇಂಗಾ ಹಿಂಡಿ, ಸೋಯಾ ಹಿಟ್ಟು ಕಲಸಿ ಒತ್ತಿದ ಆ ಗುಳಿಗೆಗಳನ್ನು ಬೊಗಸೆಯಲ್ಲಿ ತೆಗೆದು ಬೀಸಿ ಎರಚಿದರೆ ನೀರಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದಾಗುತ್ತಿತ್ತು. ಕಟ್ಲಾ ಮೀನುಗಳು ದೊಡ್ಡ ಬಾಯಿ ತೆರೆದು ಮೇಲೇರುತ್ತಿದ್ದವು, ರೋಹುಗಳು ನಡುವಿನಲ್ಲಿ ತಿರುಗುತ್ತಿದ್ದವು. ಅವಳ ಹೊಟ್ಟೆಯಲ್ಲಿ ಎಳೆ ಸಡಿಲಾಗುತ್ತ ಬಂದು, ಬೆಚ್ಚಗೆ ಸುತ್ತಿಕೊಂಡು ಮಲಗುತ್ತಿತ್ತು.

ಊರಿನ ಹೆಸರು ಸೌಳು ಕ್ಯಾಂಪು. ಕಾಲುವೆಯ ನೀರನ್ನು ತಲೆಮಾರುಗಟ್ಟಲೆ ಕುಡಿದ ಎರೆಮಣ್ಣು ಕೊನೆಗೆ ಬೆಳ್ಳಗೆ ಉಪ್ಪು ಕಕ್ಕತೊಡಗಿ, ಭತ್ತ ಬೇರು ಹಿಡಿಯುವುದನ್ನೇ ಬಿಟ್ಟ ಮೇಲೆ ಆ ಹೆಸರು ಬಂತು. ಸೌಳಾದ ತಗ್ಗುಗಳನ್ನು ಇನ್ನಷ್ಟು ಅಗೆದು ಹೊಂಡಗಳನ್ನು ಮಾಡಿದರು. ಅಕ್ಕಿ ಗಿರಣಿ ಖಾಲಿ ನಿಂತಿತ್ತು, ಅದರೊಳಗೆ ಮೀನಿನ ಪ್ರಯೋಗಶಾಲೆ ಬಂತು. ಗಿರಣಿಯ ಗೋಡೆಗಳಿಗೆ ಇನ್ನೂ ತೌಡಿನ ವಾಸನೆಯಿತ್ತು. ಆ ವಾಸನೆಯ ನಡುವೆ ಪರದೆಗಳು, ತಂತಿಗಳು, ಗಾಜಿನ ತೊಟ್ಟಿಗಳು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ರಾಯಚೂರಿನ ಕಡೆಯ ಮೆಹರುನ್ನೀಸಾ ಎಂಬ ವಿಜ್ಞಾನಿ. ಊರಿನವರ ಬಾಯಲ್ಲಿ ಮೆಹರ್ ಮೇಡಂ.

ಮೊದಲು ದಾಣಿ ಹಾಕುತ್ತಿದ್ದದ್ದು ಯಂತ್ರ. ಹೊತ್ತಿಗೆ ಸರಿಯಾಗಿ ಹಾಕುತ್ತಿತ್ತು, ಆದರೆ ಮೀನಿಗೆ ಹೊತ್ತಿನ ಲೆಕ್ಕ ಎಲ್ಲಿಯದು. ನಮ್ಮ ಮೈಯೊಳಗೆ ಒಲೆ ಸದಾ ಉರಿಯುತ್ತಿರುತ್ತದೆ. ಮೀನಿನ ಒಲೆ ನೀರಿನ ಕೈಯಲ್ಲಿ. ನೀರು ಕಾದರೆ ಹಸಿವು ಏರುತ್ತದೆ, ಮೋಡ ಕವಿದು ನೀರು ತಂಪಾದರೆ ತಿಂದದ್ದೂ ಅರಗದು. ಯಂತ್ರ ಹಾಕಿದ ದಾಣಿ ಎಷ್ಟೋ ಸಲ ತಳದಲ್ಲಿ ಕೊಳೆಯುತ್ತಿತ್ತು. ಆಗ ಮೆಹರ್ ಮೇಡಂ ಒಂದು ಹೊಸ ದಾರಿ ಹುಡುಕಿದರು. ಮೀನಿನ ಕರುಳು ಹಸಿದಾಗ ಒಂದು ರಸ ಬಿಡುತ್ತದೆ, ತುಂಬಿದಾಗ ಇನ್ನೊಂದು. ಕಿವಿರಿನ ಮೂಲಕ ಅದರ ಅಣುವಿನಷ್ಟು ಪಾಲು ನೀರಿಗೆ ಸೋರುತ್ತದೆ. ಹೊಂಡದ ನಡುವೆ ನೆಟ್ಟ ಗೂಟವೊಂದು ಆ ಸೋರಿಕೆಯನ್ನು ಮೂಸಿ ನೋಡಿ ಸುದ್ದಿ ಕಳಿಸುತ್ತದೆ. ಸುದ್ದಿ ಬಂದು ಸೇರುವುದು ಹೆಂಗಸರ ಸೊಂಟದ ಮೇಲಿನ ಪಟ್ಟಿಗೆ. ಪಟ್ಟಿ ಹೊಟ್ಟೆಯ ನರವನ್ನು ಚರ್ಮದ ಮೇಲಿಂದಲೇ ತಟ್ಟುತ್ತದೆ, ಮತ್ತು ಹೊಂಡದ ಹಸಿವು ಅವರ ಹಸಿವಿನಂತೆಯೇ ಕಾಣುತ್ತದೆ.

"ಪರದೆ ಮ್ಯಾಲೆ ಬರೀ ಗೆರಿ ಕಾಣತಾವ" ಎಂದು ಮೇಡಂ ಮೊದಲ ದಿನ ವಿವರಿಸಿದ್ದರು. "ಗೆರಿ ನೋಡಿ ನಾ ಎಷ್ಟೋ ಸಲ ತಪ್ಪಿದೆ. ನಿಮ್ಮ ಹೊಟ್ಟಿ ತಪ್ಪಂಗಿಲ್ಲ. ಹಸಿವು ಎಷ್ಟು, ಎಂಥಾದ್ದು ಅನ್ನೋದು ಅದಕ್ಕ ಹುಟ್ಟಿದಾಗಿಂದ ಗೊತ್ತೈತಿ."

ಪಟ್ಟಿಗೆ ಹೆಂಗಸರು ಉಡದಾರ ಎಂದು ಹೆಸರಿಟ್ಟರು. ಮೂವರು ಕಟ್ಟಿಕೊಂಡರು, ಮನೆಯಲ್ಲೂ ಬಿಚ್ಚುತ್ತಿರಲಿಲ್ಲ: ಹುಲಿಗೆಮ್ಮ, ಅವಳಿಗಿಂತ ಹಿರಿಯಳಾದ ಅಮರಮ್ಮ, ಮಾತು ಕಡಿಮೆಯ ನೀಲಮ್ಮ.

"ಕಟಿಗೊಂಡ ಗಂಡನ ಹಸಿವು ಇಷ್ಟು ವರ್ಷಾದ್ರೂ ನನಗ ತಿಳಿದಿಲ್ಲ" ಎಂದಿದ್ದಳು ಅಮರಮ್ಮ, ಪಟ್ಟಿಯನ್ನು ಸೀರೆಯ ಒಳಗೆ ಸರಿಪಡಿಸಿಕೊಳ್ಳುತ್ತ. "ಮೀನಿಂದು ಒಂದ ದಿನದಾಗ ತಿಳೀತು ನೋಡ್ರಿ ಮೇಡಂ. ಅಂವಗೂ ಒಂದು ಗೂಟ ಮಾಡಿ ಕೊಡ್ರಿ."

ಪಟ್ಟಿ ಕಟ್ಟಿಕೊಂಡ ಮೇಲೆ ಹಗಲುಗಳ ಬಣ್ಣ ಬೇರೆಯಾಯಿತು. ಮಧ್ಯಾಹ್ನ ಒಡ್ಡಿನ ಜಾಲಿಯ ನೆರಳಲ್ಲಿ ಕುಳಿತರೆ ಹುಲಿಗೆಮ್ಮನಿಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ರೆಪ್ಪೆಯ ಒಳಗೆ ಹಸಿರು ಬೆಳಕು. ಆ ಬೆಳಕು ಮೇಲಿನಿಂದ ಕೋಲುಕೋಲಾಗಿ ಇಳಿದು, ಅಲುಗಿ, ಒಡೆದು, ಮತ್ತೆ ಕೂಡಿಕೊಳ್ಳುತ್ತಿತ್ತು. ಸಾವಿರಾರು ಸಣ್ಣ ತೃಪ್ತಿಗಳು ಒಂದರ ಪಕ್ಕ ಒಂದು ತೇಲುತ್ತಿದ್ದವು, ಯಾವುದಕ್ಕೂ ಹೆಸರಿರಲಿಲ್ಲ. ತಾನು ಕುಳಿತಿದ್ದೇನೆಯೋ ತೇಲುತ್ತಿದ್ದೇನೆಯೋ ಅವಳಿಗೆ ಹೊಳೆಯುತ್ತಿರಲಿಲ್ಲ. ಎಚ್ಚರವಾದಾಗ ಅಂಗೈ ಒದ್ದೆಯಿರಬೇಕು ಅನ್ನಿಸಿ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅಂಗೈ ಒಣಗಿಯೇ ಇರುತ್ತಿತ್ತು. ಅಮರಮ್ಮನಿಗೂ ಹಾಗೆಯೇ ಆಗುತ್ತಿತ್ತಂತೆ. "ಕನಸಿನಾಗ ನನಗ ಕಾಲ ಇರಂಗಿಲ್ಲ ಬೇ, ಮಣಕಾಲ ನೋವು ಸೈತ ಇರಂಗಿಲ್ಲ" ಎಂದು ಆಕೆ ಹೇಳುತ್ತಿದ್ದಳು, ಕನಸು ಬಿಟ್ಟು ಬಂದದ್ದಕ್ಕೆ ಸ್ವಲ್ಪ ಬೇಜಾರಿನಿಂದಲೇ.

ಊಟ ಕಡಿಮೆಯಾಯಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ನೀಲಮ್ಮನ ಕುಪ್ಪಸ ಸಡಿಲವಾಯಿತು, ಅಮರಮ್ಮನ ಸೊಂಟ ಇಳಿಯಿತು. ಒಡ್ಡಿನ ಮೇಲೆ ನಗೆಚಾಟಿಕೆ ನಡೆಯಿತು, ಅಷ್ಟೇ. ಆದರೆ ಹುಲಿಗೆಮ್ಮ ಬಸುರಿಯಾದಳು.

ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೆ ಬಂದು ಅಳತೆಯ ಟೇಪು ಹಿಡಿದು ಹೊಟ್ಟೆ ಅಳೆದಾಗ ಆರು ತಿಂಗಳು ನಡೆಯುತ್ತಿತ್ತು. ಒಮ್ಮೆ ಅಳೆದರು, ಮತ್ತೊಮ್ಮೆ ಅಳೆದರು. ಟೇಪು ಸುತ್ತುತ್ತ ಅತ್ತೆ ದ್ಯಾವಮ್ಮನ ಕಡೆ ತಿರುಗಿದರು.

"ಕೂಸು ಬೆಳಿಯಾಕತ್ತಿಲ್ಲವ್ವ. ಹೋದ ತಿಂಗಳು ಎಷ್ಟಿತ್ತೋ ಹೆಚ್ಚೂಕಮ್ಮಿ ಅಷ್ಟ ಐತಿ. ಈಕಿ ತೂಕಾನೂ ಇಳದೈತಿ. ಉಣ್ಣಾಕ ಹಾಕ್ತೀರೋ ಇಲ್ಲೋ?"

"ನಾ ಹಾಕಂಗಿಲ್ಲ ಅನಕೊಂಡೀರೇನ್ರಿ?" ದ್ಯಾವಮ್ಮನ ದನಿ ಏರಲಿಲ್ಲ, ಆದರೆ ಬಟ್ಟಲನ್ನು ನೆಲಕ್ಕೆ ಇಟ್ಟ ಸದ್ದು ದೊಡ್ಡದಾಗಿತ್ತು. "ಬಿಸಿ ರೊಟ್ಟಿ ಮಾಡಿ ಮುಂದ ಇಡತೀನಿ. ಪುಂಡಿಪಲ್ಯ ಮಾಡತೀನಿ, ಮೀನಸಾರು ಮಾಡತೀನಿ. ಒಂದು ತುತ್ತು ಮುರದು ಬಾಯಾಗ ಇಟಗೊಂಡು ಗ್ವಾಡಿ ನೋಡಕೋತ ಕುಂದರತಾಳ. ಕೇಳ್ರಿ ಆಕಿನ್ನ."

"ಹೊಟ್ಟಿ ತುಂಬೈತ್ರಿ ಸಿಸ್ಟರ್" ಎಂದಳು ಹುಲಿಗೆಮ್ಮ. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು. ನಿದ್ದೆಯಿಂದ ಎದ್ದವರ ಮುಖದಂತೆ ಮೆತ್ತಗಿತ್ತು. "ಖರೇನ ತುಂಬೈತಿ. ಮುಂಜಾನೆದ್ದ ಕೂಡ್ಲೆ ತುಂಬಿರತೈತಿ."

"ಏನ ತಿಂದು ತುಂಬೇತಿ ತಂಗಿ?"

ಸಿಸ್ಟರ್ ಹೊರಡುವಾಗ ದ್ಯಾವಮ್ಮನನ್ನು ಬಾಗಿಲ ಹೊರಗೆ ಕರೆದು, ಹೀಗೇ ಹೋದರೆ ಕೂಸು ಹುಟ್ಟುವ ತನಕ ಉಳಿಯುವುದೇ ಕಷ್ಟ ಎಂದು ಹೇಳಿದರು. ಒಳಗೆ ಕುಳಿತವಳಿಗೂ ಅದು ಕೇಳಿಸಿತು. ಹುಲಿಗೆಮ್ಮ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎತ್ತಿಕೊಂಡು, ಹಲ್ಲು ಕಚ್ಚಿ ಎರಡು ತುತ್ತು ಇಳಿಸಿದಳು. ಮೂರನೆಯದು ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಾರಿಕೊಂಡು ಬಂದಳು. ಬಂದು ಗೋಡೆಗೆ ಒರಗಿ ಕುಳಿತಾಗ, ಹೊಟ್ಟೆಯೊಳಗೆ ಹೊಂಡದ ಸಂಜೆಯ ತೃಪ್ತಿ ಬೆಚ್ಚಗೆ ಹರಡತೊಡಗಿತು. ಅದನ್ನು ಬೇಡ ಎನ್ನುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಮೋಡ ಕವಿದುಕೊಂಡಿತು. ಗಿರಣಿಯೊಳಗಿನ ಪರದೆಯ ಮೇಲೆ ನೀರಿನ ಆಮ್ಲಜನಕದ ಗೆರೆ ಜಾರುತ್ತಿರುವುದನ್ನು ಮೆಹರ್ ಮೇಡಂ ಕಂಡರು. ಹೊರಗೆ ಓಡಿ ನೋಡಿದರೆ ಹೊಂಡದ ತುಂಬ ಬಾಯಿಗಳು. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಗಾಳಿ ಗುಟುಕರಿಸುತ್ತಿದ್ದವು. ಮೂವರು ಹೆಂಗಸರೂ ಗಾಬರಿಯಿಂದ ಎದೆ ಹಿಡಿದುಕೊಂಡು ಒಡ್ಡಿನ ಮೇಲೆ ಕುಳಿತಿದ್ದರು. ಮೇಡಂ ಗಾಳಿಚಕ್ರಗಳನ್ನು ತಿರುಗಿಸಿದರು. ಚಕ್ರಗಳು ನೀರನ್ನು ಬಡಿದು ನೊರೆ ಎಬ್ಬಿಸಿದವು. ಬಾಯಿಗಳು ಒಂದೊಂದಾಗಿ ಕೆಳಗಿಳಿಯಲು ಬಹಳ ಹೊತ್ತು ಹಿಡಿಯಿತು.

"ಮೋಡ ಇದ್ರ ನೀರಾಗಿನ ಪಾಚಿ ಗಾಳಿ ಮಾಡಂಗಿಲ್ಲ, ಅದು ಸರಿ" ಎಂದರು ಮೇಡಂ, ಒದ್ದೆಯಾದ ಓಢಣಿಯ ಅಂಚು ಹಿಂಡುತ್ತ. "ಆದ್ರ ಇಷ್ಟು ಕಮ್ಮಿ ಆಗಬಾರದಿತ್ತು. ತಿಂದಿದ್ದು ಅರಗಸಾಕೂ ಮೀನಿಗೆ ಗಾಳಿ ಬೇಕು. ಹೊಟ್ಟಿ ಬಿರಿ ತಿಂದ ಮೀನಿಗೆ ಇನ್ನೂ ಜಾಸ್ತಿ ಬೇಕು. ಖರೇ ಹೇಳ್ರಿ. ಉಡದಾರ ಸಾಕು ಅಂದ ಮ್ಯಾಲೆ ನೀವು ನಿಲ್ಲಸ್ತೀರೋ ಇಲ್ಲೋ?"

ನೀಲಮ್ಮ ಅಮರಮ್ಮನ ಮುಖ ನೋಡಿದಳು. ಅಮರಮ್ಮ ಹೊಂಡದ ಕಡೆ ನೋಡಿದಳು.

"ನಿಲ್ಲಸ್ತೀವ್ರಿ. ಒಂದು ಬೊಗಸಿ ಹಾಕಿ ನಿಲ್ಲಸ್ತೀವಿ."

"ಸಾಕು ಅಂದ ಮ್ಯಾಲೆ ಒಂದು ಬೊಗಸಿ?"

"ಅಲ್ರಿ ಮೇಡಂ, ಸಾಕು ಅಂದ ಕೂಡ್ಲೆ ಯಾರರ ಕೈ ಹಿಂದಕ್ಕ ತಗೀತಾರೇನ್ರಿ? ನಿಮ್ಮನ್ಯಾಗ ಬೀಗರು ಸಾಕು ಅಂದ್ರ ನೀವು ಗಡಿಗಿ ಮುಚ್ಚತೀರೇನು? ಒಂದ ಒಂದು ಅಂತ ಹಾಕಿ, ಬ್ಯಾಡ ಬ್ಯಾಡ ಅಂದ ಮ್ಯಾಲೆ ಇನ್ನೊಂದು ಹಾಕಿ, ಆಮ್ಯಾಲಲ್ಲೇನು ಏಳಸೋದು." ಅಮರಮ್ಮನಿಗೆ ತಾನು ತಪ್ಪು ಮಾಡಿದ್ದೇನೆ ಎಂದು ಅನ್ನಿಸಿದಂತಿರಲಿಲ್ಲ. "ನಾವು ಮೂರೂ ಮಂದಿ ಹಂಗ ಮಾಡತೀವಿ. ಮೊದಲನೇ ದಿನದಿಂದ."

ಮೆಹರ್ ಮೇಡಂ ನಕ್ಕರು. ನಗು ಅರ್ಧಕ್ಕೆ ನಿಂತಿತು. ಹಿಂದಿನ ವಾರ ಕೊಯ್ದ ಮೀನಿನ ಕರುಳಿಗೆ ಅಂಟಿಕೊಂಡಿದ್ದ ಬಿಳಿ ಕೊಬ್ಬಿನ ಗಂಟುಗಳು ಅವರ ಕಣ್ಣ ಮುಂದೆ ಬಂದವು. ಮೂವರು ಹೆಂಗಸರು, ಹೊತ್ತುಹೊತ್ತಿಗೂ ಒಂದೊಂದು ಬೊಗಸೆ ಹೆಚ್ಚು, ತಿಂಗಳುಗಟ್ಟಲೆ. ಈ ಹೊಂಡ ನಿಜವಾಗಿ ಹಸಿದದ್ದೇ ಇಲ್ಲ. ಬೆಳಗಿನ ಆ ಎಳೆತ ಹಸಿವಿನ ನೆರಳು ಮಾತ್ರ. ಅದಕ್ಕೆ ಕಟ್ಟಿಹಾಕಿದ ಮೂರು ಹೊಟ್ಟೆಗಳೂ ದಿನವಿಡೀ ತುಂಬಿದ್ದರ ಸುದ್ದಿಯನ್ನೇ ಕೇಳುತ್ತ ಕುಳಿತಿವೆ. ಅವರ ದೃಷ್ಟಿ ಹುಲಿಗೆಮ್ಮನ ಮೇಲೆ ನಿಂತಿತು. ಆರು ತಿಂಗಳ ಬಸುರಿಯ ಕೊರಳ ಎಲುಬು ಸೆರಗಿನ ಮೇಲೆ ಎದ್ದು ಕಾಣುತ್ತಿತ್ತು.

"ಹುಲಿಗೆಮ್ಮ, ಉಡದಾರ ಬಿಚ್ಚವ್ವ. ಈಗಿಂದೀಗ."

ಬಿಚ್ಚಿದಳು. ಬಿಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ದ್ಯಾವಮ್ಮ ಅಂದು ಶೇಂಗಾ ಹೋಳಿಗೆ ಮಾಡಿದಳು. ಆದರೆ ಹುಲಿಗೆಮ್ಮನ ಹೊಟ್ಟೆಯಲ್ಲಿ ಹಸಿವೂ ಬರಲಿಲ್ಲ, ತೃಪ್ತಿಯೂ ಬರಲಿಲ್ಲ. ಜನ ಬಿಟ್ಟುಹೋದ ಗಿರಣಿಯಂತೆ ಒಳಗೆ ಬರೀ ಸುಮ್ಮನಿತ್ತು. ಹೋಳಿಗೆ ಬಾಯಲ್ಲಿ ಮಣ್ಣಿನ ಹಾಗೆ ಕುಳಿತುಕೊಂಡಿತು. ದಿನಗಳು ಕಳೆದವು. ಅವಳು ಕುಡಿದದ್ದು ಗಂಜಿ, ಅದೂ ಅತ್ತೆ ಎದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ.

ಮೇಡಂ ತಾವೇ ಮನೆಗೆ ಬಂದರು. ನೆಲದ ಮೇಲೆ ಕುಳಿತು, ಹುಲಿಗೆಮ್ಮನ ಕೈಹಿಡಿದುಕೊಂಡರು.

"ಪುಟ್ಟಿಯಿಂದ ಇಳಿದ ಮ್ಯಾಲೂ ನೆಲ ತೂಗಿದಂಗ ಅಕ್ಕೈತಿ ನೋಡು" ಎಂದರು. ಪುಟ್ಟಿ ಅಂದರೆ ಅಲ್ಲಿಯವರ ದುಂಡನೆಯ ಬಿದಿರು ದೋಣಿ. "ಹಂಗಾಗೈತಿ ಇದು. ನಿನ್ನ ನರಕ್ಕ ಹೊರಗಿನ ಮಾತು ಕೇಳಿ ರೂಢಿ ಆಗೈತಿ. ನಿನ್ನ ಮಾತು ತಾನ ಆಡೋದು ಮರತೈತಿ. ಅಮರಮ್ಮಗೂ ನೀಲಮ್ಮಗೂ ಒಂದೀಟು ಹಂಗ ಆಗೈತಿ, ಆದ್ರ ಅವರು ತಡೀತಾರ. ನಿನ್ನ ಮೈಯಾಗ ಎರಡು ಜೀವದ ಕೆಲಸ ನಡದೈತಿ."

"ಮರತಿದ್ದು ನೆಪ್ಪಿಗೆ ಬರತೈತೇನ್ರಿ?" ಎಂದು ಕೇಳಿದ್ದು ದ್ಯಾವಮ್ಮ.

"ಯಾರರ ನೆಪ್ಪು ಮಾಡಿ ಕೊಡಬೇಕು."

ಗಿರಣಿಗೆ ಕರೆಸಿಕೊಂಡು ಮೇಡಂ ಮೊದಲು ಯಂತ್ರದಿಂದಲೇ ಪ್ರಯತ್ನಿಸಿದರು. ಪಟ್ಟಿಯ ಮೂಲಕ ತಾವೇ ಲೆಕ್ಕಹಾಕಿ ಕಟ್ಟಿದ ಹಸಿವೊಂದನ್ನು ಕಳಿಸಿದರು. ಹುಲಿಗೆಮ್ಮ ಅಲ್ಲಿಯೇ ಬಕೆಟಿಗೆ ಕಾರಿಕೊಂಡಳು. ಕೂಸಿನ ಬದಲು ಮರದ ಗೊಂಬೆ ಎದೆಗೆ ಹಚ್ಚಿಕೊಂಡಂತಾಯಿತು ಎಂದಳು. ಪಕ್ಕದ ಊರಿನ ಹೊಂಡದ ಹಸಿವನ್ನು ತರಿಸಿ ನೋಡಿದರು. ಅದು ಅವಳ ಹೊಟ್ಟೆಗೆ ಪರಕೀಯವಾಗಿತ್ತು, ಬಾಗಿಲ ಹೊರಗೆ ನಿಂತು ಹಾಗೇ ವಾಪಸು ಹೋಯಿತು. ಅವಳ ನರ ಅರಿತಿದ್ದದ್ದು ಈ ಒಂದು ಹೊಂಡದ ದನಿಯನ್ನು ಮಾತ್ರ. ಮತ್ತು ಈ ಹೊಂಡದಲ್ಲಿ ಹಸಿವೇ ಇರಲಿಲ್ಲ.

"ಹಂಗಾದ್ರ ಹೊಂಡ ಹಸೀಬೇಕು" ಎಂದರು ಮೇಡಂ.

ಜಾಲಿಯ ನೆರಳಲ್ಲಿ ಎಲ್ಲರೂ ಸೇರಿದ್ದರು. ಹೊಂಡ ಆ ಹೆಂಗಸರ ಸಂಘದ್ದು, ಮೇಡಂಗೆ ಅಪ್ಪಣೆ ಮಾಡುವ ಹಕ್ಕು ಇರಲಿಲ್ಲ. ಬೇಸಿಗೆಯಲ್ಲಿ ಕಾಲುವೆ ನಿಲ್ಲುವ ಮುಂಚೆ ಮೀನು ತೂಕಕ್ಕೆ ಬರಬೇಕು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಕಾಲುವೆ ನಿಂತರೆ ನೀರಿಲ್ಲ, ನೀರಿಲ್ಲದೆ ಹೊಂಡವಿಲ್ಲ.

"ಮೀನು ಸಾಯಂಗಿಲ್ಲ" ಎಂದು ಮೇಡಂ ಮುಂದುವರಿಸಿದರು. "ಅವು ನಮ್ಮಂಗ ಅಲ್ಲ. ಉಣ್ಣಾಕ ಸಿಗಲಿಲ್ಲ ಅಂದ್ರ ಒಲಿ ಸಣ್ಣ ಮಾಡಕೋತಾವ. ಕರುಳಿನ ಕೊಬ್ಬು ತಾವ ಕರಗಿಸಿ ತಿಂತಾವ, ಆ ಕೊಬ್ಬು ಹೋದ್ರ ಅವಕ್ಕ ಒಳ್ಳೇದು. ಹಸಿರು ನೀರಿನಾಗ ಕಟ್ಲಾಕ್ಕ ಒಂದೀಟು ಸಿಗತೈತಿ. ತಿರುಗಿ ದಾಣಿ ಹಾಕಿದಾಗ ಆವೇಶದಿಂದ ತಿಂದು, ಬಿಟ್ಟ ಬೆಳವಣಿಗಿ ಬಹಳಷ್ಟು ಹಿಡೀತಾವ. ಪೂರಾ ಹಿಡೀತಾವ ಅಂತ ನಾ ಮಾತು ಕೊಡಂಗಿಲ್ಲ."

ಅಮರಮ್ಮ ತಲೆ ಅಲ್ಲಾಡಿಸಿದಳು. "ತೂಕದ ಮಾತು ಬಿಡ್ರಿ. ಬಾಯಿಲ್ಲದ ಜೀವಕ್ಕ ಬೇಕಂತ ಉಪವಾಸ ಹಾಕೋದಾ? ನಾ ಒಡ್ಡಿನ ಮ್ಯಾಲೆ ಹೋದ್ರ ಸಾಕು, ನೆಳ್ಳು ನೋಡಿ ಹಿಂದ ಬರತಾವ್ರಿ ಅವು. ಬರೇ ಕೈ ಹ್ಯಾಂಗ ತೋರಸ್ಲಿ?"

"ಯಕ್ಕಾ, ನನ್ನ ಸಲುವಾಗಿ ಬ್ಯಾಡ" ಎಂದಳು ಹುಲಿಗೆಮ್ಮ. ಅವಳ ಕಣ್ಣು ನೀರಿನ ಮೇಲಿತ್ತು. "ನಾ ಹ್ಯಾಂಗರ ನುಂಗತೀನಿ."

"ನುಂಗಿದ್ದು ಕಂಡೇವಿ" ಎಂದಳು ದ್ಯಾವಮ್ಮ. ಇಷ್ಟು ಹೊತ್ತು ಆಕೆ ಎಲೆಯಡಿಕೆ ಜಗಿಯುತ್ತ ಕುಳಿತಿದ್ದಳು. ಈಗ ಎದ್ದು ಉಗುಳಿ ಬಂದು ಎಲ್ಲರ ಎದುರಿಗೆ ನಿಂತಳು. "ಅಮರಿ, ನಿನ್ನ ಸಂಕಟ ಅವು ಒಂಟಿ ಉಪವಾಸ ಇರತಾವ ಅಂತ ಅಲ್ಲೇನು? ಇರೂದು ಬ್ಯಾಡ. ನಾಳಿಯಿಂದ ನಾನೂ ಒಪ್ಪತ್ತು. ಹೊಂಡ ಹಸದಿರೂ ತನಕ ನಮ್ಮ ಮನ್ಯಾಗ ಒಲಿ ಒಂದ ಹೊತ್ತು ಹತ್ತತೈತಿ, ಈಕಿಗೆ ಬಿಟ್ಟು. ನೀವು ಮಾಡೂದು ನಿಮ್ಮ ಮನಸು."

ದಿನಕ್ಕೆ ಒಂದೇ ಊಟ ಮಾಡುವ ಒಪ್ಪತ್ತು ಆ ಹೆಂಗಸರಿಗೆ ಹೊಸದಲ್ಲ. ದೇವರಿಗೆ ಹರಕೆ ಹೊತ್ತು ಎಷ್ಟೋ ಸಲ ಮಾಡಿದವರೇ. ಆದರೆ ಮೀನಿನ ಜೊತೆಗೆ ಯಾರೂ ಒಪ್ಪತ್ತು ಇದ್ದಿರಲಿಲ್ಲ. ನೀಲಮ್ಮ ಕೈಯೆತ್ತಿ ನಾನೂ ಎಂದಳು. ಅಮರಮ್ಮ ಸ್ವಲ್ಪ ಹೊತ್ತು ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತಿದ್ದು, "ನನ್ನ ಗಂಡನ್ನೂ ಸೇರಸ್ತೀನಿ, ಹೊಟ್ಟಿ ಬಾಳ ಬಂದೈತಿ ಅವಂಗ" ಎಂದಳು. ಮೆಹರ್ ಮೇಡಂ ತಮ್ಮ ಟಿಫಿನ್ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಚೀಲದ ಹಿಂದಕ್ಕೆ ಸರಿಸಿದರು.

ಹುಲಿಗೆಮ್ಮ ಮತ್ತೆ ಉಡದಾರ ಕಟ್ಟಿಕೊಂಡಳು. ಮೊದಲು ಏನೂ ಆಗಲಿಲ್ಲ. ಹೊಂಡ ತನ್ನ ಕೊಬ್ಬಿನ ಮೇಲೆ ಮಲಗಿಕೊಂಡು ನಿಶ್ಚಿಂತವಾಗಿತ್ತು. ಆಮೇಲೆ ನೀರಿನಲ್ಲಿ ಒಂದು ಅನುಮಾನ ಹುಟ್ಟಿತು. ಬಿಸಿಲು ಮೊಣಕಾಲುದ್ದ ಇಳಿದ ಹೊತ್ತಿಗೆ ಮೀನುಗಳು ಒಡ್ಡಿನ ಅಂಚಿಗೆ ಬಂದು ಸಾಲಾಗಿ ನಿಂತವು. ಅಮರಮ್ಮ ನಡೆದರೆ ಅವೂ ನಡೆದವು, ನಿಂತರೆ ನಿಂತವು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹೊಂಡದ ಕಡೆ ನೋಡದೆ ಹಾದುಹೋದಳು. ಮಧ್ಯಾಹ್ನದ ಹಸಿರು ಕನಸಿನಲ್ಲಿ ಬೆಳಕಿನ ಕೋಲುಗಳು ತೆಳ್ಳಗಾದವು. ತೇಲುತ್ತಿದ್ದ ತೃಪ್ತಿಗಳು ಒಂದೊಂದಾಗಿ ಆರಿ, ಅವು ಇದ್ದ ಜಾಗದಲ್ಲಿ ಸಣ್ಣಸಣ್ಣ ತೂತುಗಳು ಉಳಿದವು. ಆ ತೂತುಗಳಲ್ಲಿ ಗಾಳಿ ಹೊಕ್ಕಂತೆ ಹುಲಿಗೆಮ್ಮನೊಳಗೆ ಯಾವುದೋ ಸದ್ದು ಏಳತೊಡಗಿತು, ಕೊಳಲಿನದಕ್ಕಿಂತ ತಗ್ಗಿದ ಸದ್ದು.

ಒಂದು ಸಂಜೆ ಅವಳು ಮನೆಯಲ್ಲಿ ರೊಟ್ಟಿಯ ಅಂಚು ಮುರಿದು ಬಾಯಿಗೆ ಇಟ್ಟುಕೊಂಡಿದ್ದಳು. ತುತ್ತು ಇಳಿಯುವ ಹಾಗೆ ಇತ್ತು. ಅಷ್ಟರಲ್ಲಿ ಆ ಸದ್ದು ತಟ್ಟನೆ ಅಡಗಿತು. ಹೊಟ್ಟೆಯ ಒಂದು ಮೂಲೆ ಬೆಚ್ಚಗಾಯಿತು. ಅವಳು ತುತ್ತನ್ನು ಕೈಗೆ ಉಗುಳಿಕೊಂಡಳು.

ಸ್ವಲ್ಪ ಹೊತ್ತಿಗೆ ಅಮರಮ್ಮ ಬಂದು ಹೊಸ್ತಿಲ ಮೇಲೆ ಕುಳಿತಳು. ಒಳಗೆ ಬರಲಿಲ್ಲ.

"ನಾನ ಹಾಕಿದೆ" ಎಂದಳು. "ಒಂದ ಬೊಗಸಿ. ತಡಕೊಳ್ಳಾಕ ಆಗಲಿಲ್ಲ ನನಗ."

"ಗೊತ್ತಾತಕ್ಕ. ಗೂಟದ ಹತ್ತರ ಹಾಕಿದಿ."

"ಉಣ್ಣಾಕತ್ತಿದ್ದೇನು?"

ಹುಲಿಗೆಮ್ಮ ಕೈಯಲ್ಲಿದ್ದ ತುತ್ತನ್ನು ತೋರಿಸಿದಳು. ಅಮರಮ್ಮ ಅದನ್ನು ನೋಡಿದಳು. ಮರುದಿನ ಬೆಳಿಗ್ಗೆ ದಾಣಿಯ ಕೋಣೆಯ ಬೀಗದ ಕೈಯನ್ನು ತಂದು ಮೆಹರ್ ಮೇಡಂ ಮೇಜಿನ ಮೇಲೆ ಇಟ್ಟು, "ನನ್ನ ಕೈಯಾಗ ಕೊಡಬ್ಯಾಡ್ರಿ ಇದನ್ನ" ಎಂದು ಹೇಳಿ ಹೋದಳು.

ಹಸಿವು ಬಂದದ್ದು ಒಂದು ಮಧ್ಯಾಹ್ನ. ಮೆಲ್ಲಗೆ ಬರಲಿಲ್ಲ ಅದು. ಹೊಂಡದ ಆ ಮೂಲೆಯಿಂದ ಈ ಮೂಲೆಯ ತನಕ ನೀರೆಲ್ಲ ಒಮ್ಮೆಗೇ ಇವಳ ಕಡೆ ಹೊರಳಿದಂತಾಯಿತು. ಸಾವಿರಾರು ಬಾಯಿಗಳು ತೆರೆದು, ಎಲ್ಲವೂ ಅವಳೊಳಗೇ ತೆರೆದವು. ಹುಲಿಗೆಮ್ಮ ಜಾಲಿಯ ಬೊಡ್ಡೆ ಹಿಡಿದುಕೊಂಡಳು. ಬಿಸಿಲು ಬಿಳಿಯಾಗಿ ನಡುಗಿತು. ದೂರದಲ್ಲಿ ಯಾರದೋ ಮನೆಯಲ್ಲಿ ಒಗ್ಗರಣೆ ಹಾಕಿದ ವಾಸನೆ ಬಂತು, ಬೆಳ್ಳುಳ್ಳಿ ಕಂದುವ ವಾಸನೆ. ತಿಂಗಳುಗಟ್ಟಲೆ ಅವಳ ಮೂಗಿನ ಪಕ್ಕದಲ್ಲೇ ಹಾದುಹೋಗುತ್ತಿದ್ದ ಆ ವಾಸನೆ ಇಂದು ಒಳಗೆ ಇಳಿಯಿತು. ಇಳಿದು, ನಾಲಗೆಯ ಬೇರಿನಲ್ಲಿ ನೀರಾಯಿತು.

ಮನೆಗೆ ಬಂದವಳು ಕೈತೊಳೆಯಲೂ ನಿಲ್ಲಲಿಲ್ಲ. ದ್ಯಾವಮ್ಮ ಬುಟ್ಟಿಯ ಮೇಲಿನ ಬಟ್ಟೆ ತೆಗೆದಳು. ಒಂದು ರೊಟ್ಟಿ ಹೋಯಿತು, ಎರಡನೆಯದು ಹೋಯಿತು. ಮೀನಸಾರಿನ ಬಟ್ಟಲನ್ನು ಎತ್ತಿ ಕುಡಿದಳು. ದ್ಯಾವಮ್ಮ ಒಪ್ಪತ್ತಿನ ಹಸಿವಿನಲ್ಲಿ ತಾನು ಬಾಯಿ ಒಣಗಿಸಿಕೊಂಡು ಕುಳಿತು, ಸೊಸೆಯ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದಳು. ಮುಂದೊಂದು ತುತ್ತಿಗೆ ಹುಲಿಗೆಮ್ಮ ತಡೆದಳು. ಉಡದಾರ ಇನ್ನೂ ಹಸಿವು ಹಸಿವು ಎಂದು ತಟ್ಟುತ್ತಲೇ ಇತ್ತು. ಆದರೆ ಎಲ್ಲೋ ಅದರ ಅಡಿಯಲ್ಲಿ, ಬಹಳ ಸಣ್ಣದಾಗಿ, ಇನ್ನೊಂದು ದನಿ ಬೇಡ ಎಂದಿತು. ಎರಡು ದನಿಗಳ ನಡುವೆ ಅವಳು ಕೈಯನ್ನು ಗಾಳಿಯಲ್ಲೇ ಹಿಡಿದು ಕುಳಿತಳು.

ಮೆಹರ್ ಮೇಡಂಗೆ ಅದನ್ನು ಹೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. "ಎದುರು ಮಾತಾಡ್ತೇನು? ಒಳಗಿಂದ?"

"ಒಂದೀಟ. ಕೂಸು ತೊದಲಿದಂಗ."

"ತೊದಲ್ಲಿ" ಎಂದರು ಮೇಡಂ. ಮತ್ತೆ ಕುಳಿತುಕೊಂಡು, ಏನು ಮಾಡಬೇಕೆಂದು ತಿಳಿಯದೆ ಪರದೆಯ ಗಾಜನ್ನು ಓಢಣಿಯಿಂದ ಒರೆಸಿದರು.

ದಿನಗಳು ಹಾಗೆ ನಡೆದವು. ಹೊಂಡ ಹಸಿದಿತ್ತು, ಹುಲಿಗೆಮ್ಮ ಉಣ್ಣುತ್ತಿದ್ದಳು, ಉಳಿದವರು ಒಪ್ಪತ್ತಿನಲ್ಲಿದ್ದರು. ಸಿಸ್ಟರ್ ಬಂದು ಟೇಪು ಹಿಡಿದು, ಒಂದು ಬೆರಳಿನಷ್ಟು ಏರಿದೆ ಎಂದರು. ಒಂದು ಬೆರಳು ದೊಡ್ಡ ಸುದ್ದಿಯಲ್ಲ, ಆದರೆ ದ್ಯಾವಮ್ಮ ಆ ಬೆರಳನ್ನು ಕ್ಯಾಂಪಿನ ಎಲ್ಲರಿಗೂ ಎತ್ತಿ ತೋರಿಸಿ ಬಂದಳು. ಆದರೆ ಮೀನುಗಳ ಬೆನ್ನು ತೆಳ್ಳಗಾಗುತ್ತ ಬಂದಿತ್ತು. ತೊಟ್ಟಿಗೆ ಹಿಡಿದು ತಂದ ರೋಹುವಿನ ಕರುಳಿನ ಸುತ್ತ ಕೊಬ್ಬಿನ ಗಂಟು ಇರಲಿಲ್ಲ. ಇನ್ನು ತಡ ಮಾಡಿದರೆ ಅವು ಮೈಯ ಮಾಂಸವನ್ನೇ ಕರಗಿಸಿಕೊಳ್ಳುತ್ತವೆ ಎಂದು ಮೇಡಂ ಹೇಳಿದರು.

"ನಾಳಿ ದಾಣಿ ಹಾಕೂದು. ಹಾಕೂಮುಂದ ಹುಲಿಗೆಮ್ಮನ ಉಡದಾರ ಬಿಚ್ಚೂದು. ಆಮ್ಯಾಲೆ ಆಕಿ ಹೊಟ್ಟಿ ತಾನ ಮಾತಾಡಬೇಕು. ಆಡ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಆಡಲಿಲ್ಲ ಅಂದ್ರ ಇನ್ನೊಮ್ಮೆ ಉಪವಾಸ ಹಾಕಾಕ ಬರಂಗಿಲ್ಲ, ಮೀನು ತಡಿಯಂಗಿಲ್ಲ."

ಮರುದಿನ ಬೆಳಗಿನಿಂದ ಏನನ್ನೂ ತಿನ್ನಬೇಡ ಎಂದು ಹುಲಿಗೆಮ್ಮನಿಗೆ ಹೇಳಿದ್ದರು. ಕ್ಯಾಂಪಿನ ಹೆಂಗಸರೆಲ್ಲ ಒಡ್ಡಿನ ಮೇಲೆ ಸೇರಿದ್ದರು. ನೀರು ಹಸಿರಾಗಿ, ನುಣ್ಣಗೆ, ಏನೂ ಗೊತ್ತಿಲ್ಲದಂತೆ ಮಲಗಿತ್ತು. ಹುಲಿಗೆಮ್ಮ ಉಡದಾರವನ್ನು ಬಿಚ್ಚಿ ಮೇಡಂ ಕೈಗೆ ಕೊಟ್ಟು ಜಾಲಿಯ ಕೆಳಗೆ ಹೋಗಿ ಕುಳಿತಳು. ಹೊಟ್ಟೆಯ ಮೇಲೆ ಪಟ್ಟಿಯ ಅಚ್ಚು ಕೆಂಪಗೆ ಮೂಡಿತ್ತು, ಅದರ ಮೇಲೆ ಅಂಗೈ ಇಟ್ಟುಕೊಂಡಳು. ಬೀಗದ ಕೈ ಅಮರಮ್ಮನ ಕೈಗೆ ಬಂತು. ಆಕೆ ಮೊದಲ ಬೊಗಸೆಯನ್ನು ಎತ್ತಿ ಎರಚಿದಳು.

ದಾಣಿ ಬಿದ್ದ ಜಾಗದಲ್ಲಿ ನೀರು ಕುದಿಯಿತು. ಬೆನ್ನುಗಳ ಮೇಲೆ ಬೆನ್ನುಗಳು, ಬೆಳ್ಳಿಯ ಹೊರಳಾಟ, ಬಾಲಗಳ ಪಟಪಟ. ನೀಲಮ್ಮ ಎದುರು ದಂಡೆಯಿಂದ ಎರಚಿದಳು. ಮೀನುಗಳು ಇಷ್ಟು ದಿನದ ಊಟವನ್ನು ಒಂದೇ ಹೊತ್ತಿಗೆ ಉಣ್ಣುತ್ತಿದ್ದವು. ನೋಡುತ್ತ ನಿಂತವರ ಮುಖಗಳೂ ತಾನಾಗಿ ಸಡಿಲಾದವು. ಕೊನೆಗೆ ನೀಲಮ್ಮ ಕೈ ತಡೆದು ಸ್ವಲ್ಪ ನಕ್ಕಳು. ಅಮರಮ್ಮ ಸೊಂಟದ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದಳು. ಒಂದು ಸಲ ಬುಟ್ಟಿಯ ಕಡೆ ನೋಡಿದಳು. ಕೈ ಹಾಕಲಿಲ್ಲ.

"ತುಂಬಿತು" ಎಂದಳು. "ಯವ್ವಾ, ಎಂಥಾ ತಣಿವು ಇದು."

ಹೊಂಡ ಶಾಂತವಾಯಿತು. ಉಂಗುರಗಳು ದಂಡೆಗೆ ಬಂದು ತಾಕಿ ಮುಗಿದವು. ಎಲ್ಲರೂ ಜಾಲಿಯ ಕಡೆ ತಿರುಗಿದರು.

ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ರೆಪ್ಪೆಯೊಳಗೆ ಹಸಿರು ಬೆಳಕು ಇರಲಿಲ್ಲ. ಬಿಸಿಲಿನ ಕೆಂಪು ಮಾತ್ರ ಇತ್ತು, ಎಲ್ಲರ ರೆಪ್ಪೆಯೊಳಗೂ ಇರುವಂಥದು. ಒಳಗೆ ಸುಮ್ಮನಿತ್ತು. ಬಹಳ ಹೊತ್ತು ಸುಮ್ಮನೇ ಇತ್ತು. ದ್ಯಾವಮ್ಮ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಳು. ಮೆಹರ್ ಮೇಡಂ ಕೈಯಲ್ಲಿದ್ದ ಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದರು.

ಆಮೇಲೆ ಹುಲಿಗೆಮ್ಮ ಕಣ್ಣು ತೆರೆದಳು.

"ಅತ್ತಿ, ಮನ್ಯಾಗ ರೊಟ್ಟಿ ಐತೇನು?"

ದ್ಯಾವಮ್ಮ ಆಗಲೇ ಎರಡು ಹೆಜ್ಜೆ ಇಟ್ಟಾಗಿತ್ತು. ಮೇಡಂ ಆಕೆಯ ತೋಳು ಹಿಡಿದು ನಿಲ್ಲಿಸಿದರು. ಹುಲಿಗೆಮ್ಮನ ಎದುರು ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಮುಖಕ್ಕೆ ಮುಖವಿಟ್ಟು ಕೇಳಿದರು:

"ಸರಿ ನೋಡಿ ಹೇಳವ್ವ. ಯಾರ ಹಸಿವು?"

ಹುಲಿಗೆಮ್ಮ ಅಂಗೈಯ ಕೆಳಗಿನ ಹೊಟ್ಟೆಯನ್ನು ನೋಡಿಕೊಂಡಳು. ಅಲ್ಲಿ ಏನೋ ಒಂದು ಮಗ್ಗುಲು ಬದಲಿಸಿತು.

"ನಂದೋ ಇದರದೋ ತಿಳಿವಲ್ದು ಮೇಡಂ" ಎಂದಳು. "ಹೊಂಡದ್ದಂತೂ ಅಲ್ಲ."